ಅಳಿಯನ ಲಾರಿ, ಗೌರವ್ವನ ಗೋಡೆ

ಗೌರವ್ವನ ಮನೆಯ ಗೋಡೆ ಬಿರುಕು ಬಿಟ್ಟಿತ್ತು.

ಮೊದಲು ಅದು ನೂಲಿನ ಎಳೆಯಷ್ಟಿತ್ತು. ದೀಪಾವಳಿಗೆ ಸುಣ್ಣ ಹಚ್ಚಿದಾಗ ಮುಚ್ಚಿಹೋಯಿತು. ಸಂಕ್ರಾಂತಿಗೆ ಮತ್ತೆ ಕಂಡಿತು. ಯುಗಾದಿಯ ಹೊತ್ತಿಗೆ ಅದರೊಳಗೆ ಗೌರವ್ವನ ಕಿರುಬೆರಳು ಹೋಗುತ್ತಿತ್ತು.

ಬೇರೆ ಕೋಣೆಯ ಗೋಡೆಯಾಗಿದ್ದರೆ ಅವಳು ಇಷ್ಟು ಚಿಂತೆ ಮಾಡುತ್ತಿರಲಿಲ್ಲ. ಅದು ರಸ್ತೆ ಕಡೆಯ ಕೋಣೆ. ಮನೆಯಲ್ಲಿ ಗಾಳಿ, ಬೆಳಕು ಇರುವ ಕೋಣೆ ಅದೊಂದೇ. ಮಗಳು ಕಾಂಚನ ಬಸುರಿ, ಚೊಚ್ಚಲು. ಹೆರಿಗೆಗೆ ತವರಿಗೆ ಬರಬೇಕು. ಬಾಣಂತಿಯ ಮಂಚ ಹಾಕುವುದು ಆ ಕೋಣೆಯಲ್ಲಿ, ಆ ಗೋಡೆಯ ಬದಿಗೆ. ತೊಟ್ಟಿಲು ಕಟ್ಟುವ ಕೊಂಡಿ ಇರುವುದೂ ಅಲ್ಲೇ. ಕಾಂಚನ ಹುಟ್ಟಿದಾಗ ತೊಟ್ಟಿಲು ಕಟ್ಟಿದ್ದು ಅದೇ ಕೊಂಡಿಗೆ.

ನಿಂಬವಾಡಿ ಮರಾಠಿ ಸೀಮೆಯ ಇಚಲಕರಂಜಿಯಿಂದ ಕಾಗಲದ ಕಡೆ ಹೋಗುವ ಒಳರಸ್ತೆಯ ಮೇಲಿನ ಊರು. ಎರಡು ಸಾಲು ಮನೆಗಳ ನಡುವೆ ರಸ್ತೆ ಇಕ್ಕಟ್ಟಾಗಿ ಹಾದುಹೋಗುತ್ತದೆ. ಮನೆ ಬಿಟ್ಟು ಮನೆಯಲ್ಲಿ ಮಗ್ಗ, ಊರವರ ಬಾಯಲ್ಲಿ ಮಾಗ. ಗೌರವ್ವನ ಮಗ್ಗುಲಿಗೇ ಕಾಕಾಸಾಹೇಬರ ತಗಡಿನ ಶೆಡ್ಡು. ಒಳಗೆ ಎಂಟು ಪಾವರ್‌ಲೂಮ್. ಹಗಲೂ ರಾತ್ರಿ ಖಟಖಟ, ಖಟಖಟ. ನೆಲಕ್ಕೆ ಕಾಲಿಟ್ಟರೆ ಅಂಗಾಲಿಗೆ ನಡುಕ ಗೊತ್ತಾಗುತ್ತದೆ.

ಹಾಗಾಗಿ ಬಿರುಕಿಗೆ ಕಾರಣ ಹುಡುಕಲು ಗೌರವ್ವ ದೂರ ಹೋಗಲಿಲ್ಲ. ಶೆಡ್ಡಿನ ಬಾಗಿಲಿಗೆ ಹೋಗಿ ನಿಂತಳು.

"ಕಾಕಾ, ನಿಮ್ಮ ಮಾಗ ನನ್ನ ಗೋಡಿ ತಿನ್ನಾಕತ್ತಾವ."

ಕಾಕಾಸಾಹೇಬರು ಕನ್ನಡಕ ಹಣೆಗೇರಿಸಿದರು. "ಗೌರವ್ವಾ, ನಮ್ಮಪ್ಪನ ಕಾಲದಿಂದ ಇಲ್ಲಿ ಮಾಗ ಓಡಾಕತ್ತಾವ. ಆವಾಗ ಬಿರುಕು ಬಿಡಲಿಲ್ಲ. ಈಗ್ಯಾಕ ಬಿಡತೈತಿ?"

"ಆವಾಗ ಗೋಡಿಗೆ ಹರೇ ಇತ್ತು."

"ಹಂಗಾದ್ರ ವಯಸ್ಸಾದದ್ದು ಗೋಡಿಗೆ. ನನ್ನ ಮಾಗಕ್ಕ ಯಾಕ ಬೈತಿ?"

"ಮುದುಕೀನ ದಿನಾ ಗುದ್ದಿದ್ರ ಮುದುಕಿ ಬೀಳತಾಳ ಕಾಕಾ. ತಪ್ಪು ಮುದುಕೀದಲ್ಲ, ಗುದ್ದಾವಂದು."

ಮಗ್ಗದ ಹುಡುಗರು ನಕ್ಕರು. ಕಾಕಾಸಾಹೇಬರಿಗೆ ಸಿಟ್ಟು ಬಂತು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಗೋಡೆಯ ಮೇಲಿಂದ ಹೋಗಿ ಬರುತ್ತಿದ್ದ ಪಲ್ಯದ ಬಟ್ಟಲು ನಿಂತಿತು. ಎರಡೂ ಕಡೆ ಮಾತಾಡುವವಳು ಒಬ್ಬಳೇ ಉಳಿದಳು. ಕಾಕಾಸಾಹೇಬರ ಸೊಸೆ ಶುಭಾಂಗಿ. ಅವಳು ಗ್ರಾಮ ಪಂಚಾಯಿತಿಯ ಸದಸ್ಯೆ. ಕಾಂಚನ ಮದುವೆಯಾಗಿ ಕಾಗಲಕ್ಕೆ ಹೋಗುವ ತನಕ ಅವಳೂ ಇವಳೂ ದಿನಾ ಜೊತೆಗಿದ್ದ ಗೆಳತಿಯರು.

ಗೌರವ್ವನ ಚಿಂತೆಗೆ ಒಂದು ಔಷಧಿ ಇತ್ತು. ಲಾರಿಯ ಹಾರ್ನ್. ಎರಡು ಉದ್ದ, ಒಂದು ಗಿಡ್ಡ.

ಅದು ಅಳಿಯ ಅಮೋಲನ ಹಾರ್ನ್. ಅವನು ಕಾಗಲದ ಮಾಲೀಕನೊಬ್ಬನ ಹನ್ನೆರಡು ಗಾಲಿಯ ಲಾರಿ ಓಡಿಸುತ್ತಾನೆ. ಇಚಲಕರಂಜಿಯ ಬಾಯ್ಲರುಗಳಿಗೆ ಕಲ್ಲಿದ್ದಲು ಒಯ್ಯುತ್ತಾನೆ. ದೊಡ್ಡ ರಸ್ತೆ ಬಿಟ್ಟು ಊರೊಳಗಿನಿಂದ ಹಾಯುತ್ತಾನೆ. ಹಾರ್ನ್ ಕೇಳಿದ ಕೂಡಲೇ ಗೌರವ್ವ ಜೋಳದ ಭಾಕರಿ, ಶೇಂಗಾ ಚಟ್ನಿ ಕಟ್ಟಿದ ಗಂಟು ಹಿಡಿದು ಓಡುತ್ತಾಳೆ. ಅವನು ಮೇಲಿಂದ ಕೈ ಚಾಚುತ್ತಾನೆ. ಸರಿಯಿರಿ, ಅಳಿಯ ಬಂದರು ಎಂದು ಓಣಿಯ ಹುಡುಗರು ಮರಾಠಿಯಲ್ಲಿ ಕೂಗುತ್ತಾರೆ.

"ಸರಕಾ, ಸರಕಾ! ಜಾವಾಯಿಬಾಪೂ ಆಲೆ!"

ಎಮ್ಮೆ ಸರಿಯುತ್ತದೆ. ಸೈಕಲ್ ಸರಿಯುತ್ತದೆ. ಒಣಹಾಕಿದ ಜೋಳವನ್ನೂ ಸರಿಸುತ್ತಾರೆ. ಒಂದು ಮನೆಯ ಅಳಿಯ ಎಂದರೆ ಊರಿಗೆಲ್ಲ ಅಳಿಯ. ಅವನಿಗೆ ದಾರಿ ಬಿಡದಿದ್ದರೆ ಮರ್ಯಾದೆ ಯಾರದು ಹೋಗುತ್ತದೆ?

ಊರ ಬಾಯಲ್ಲಿ ಒಂದು ಫಲಕ ಇತ್ತು. ಹತ್ತು ಟನ್ನಿಗಿಂತ ಭಾರದ ಗಾಡಿಗಳಿಗೆ ಪ್ರವೇಶ ಇಲ್ಲ ಎಂದು ಬರೆದಿತ್ತು. ಅದರ ಕಂಬಕ್ಕೆ ಅನ್ನವ್ವ ತನ್ನ ಆಡು ಕಟ್ಟುತ್ತಿದ್ದಳು. ಫಲಕದಿಂದ ಊರಿಗೆ ಆಗುತ್ತಿದ್ದ ಉಪಯೋಗ ಅಷ್ಟೇ.

*

ಬೇಸಿಗೆಯಲ್ಲಿ ಶಾಲೆಯ ಪಡಸಾಲೆಯಲ್ಲಿ ಗ್ರಾಮಸಭೆ ಸೇರಿತು. ಶುಭಾಂಗಿ ಎದ್ದು ನಿಂತಳು.

"ನಮ್ಮ ರಸ್ತೆಯ ಎರಡೂ ತುದಿಗೆ ಕ್ಯಾಮೆರಾ ಕೂಡಸೂ ವಿಚಾರ ಐತಿ. ಹತ್ತು ಟನ್ನಿನ ಮ್ಯಾಲಿನ ಗಾಡಿ ಈ ಕಡೆ ಹೊಕ್ಕು ಆ ಕಡೆ ಹೊಂಟ್ರ ಕ್ಯಾಮೆರಾ ಹಿಡೀತೈತಿ. ದಂಡದ ನೋಟಿಸು ಗಾಡಿ ಮಾಲಕನ ಮನಿಗೆ ಹೋಗತೈತಿ. ಊರು ಠರಾವ ಮಾಡಿ ಕೊಟ್ರ ಮುಂದ ಕಳಸ್ತೀವಿ."

ಅನ್ನವ್ವ ಮೊದಲು ಬಾಯಿ ತೆರೆದಳು. ಅವಳದು ತುಂಬು ಮೈ.

"ಫೋಟೋ ತಗದ್ರ ವಜನ ಗೊತ್ತಾಗತೈತೇನ ಶುಭಾ? ಹಂಗಾದ್ರ ನಂದೂ ಒಂದು ತಗಸವ್ವ, ದವಾಖಾನಿಗೆ ಹೋಗೂದು ತಪ್ಪತೈತಿ."

"ಬ್ಯಾಡ ಅನ್ನವ್ವಾ, ಊರ ಕ್ಯಾಮೆರಾ ಒಡದ ಹೋದೀತು," ಎಂದು ಹಿಂದಿನಿಂದ ಯಾರೋ ಅಂದರು.

ನಗು ನಿಲ್ಲುವ ತನಕ ಶುಭಾಂಗಿ ಕಾದಳು. ಓಣಿಯ ಹಿರಿಯ ಹೆಂಗಸರೆಲ್ಲ ಅವಳಿಗೆ ಕಾಕು, ಅಂದರೆ ಚಿಕ್ಕಮ್ಮ. "ಕ್ಯಾಮೆರಾ ತೂಕ ಮಾಡೂದಿಲ್ಲ ಕಾಕು. ಅದು ನಂಬರ್ ಪ್ಲೇಟ್ ಓದತೈತಿ. ಪ್ರತಿಯೊಂದು ಗಾಡಿ ಎಷ್ಟು ಭಾರದ್ದು ಅಂತ ಸರಕಾರದ ದಾಖಲೆದಾಗ ಇರತೈತಿ. ನಂಬರ್ ಸಿಕ್ರ ಭಾರ ಸಿಕ್ಕಂಗ. ಹನ್ನೆರಡು ಗಾಲಿ ಲಾರಿ ಖಾಲಿ ಬಂದ್ರೂ ನಮ್ಮ ರಸ್ತೆಕ್ಕ ಭಾರನ. ತುಂಬಿ ಬಂದ್ರ ಕೇಳೂದ ಬ್ಯಾಡ."

"ನಂಬರ್ ಮ್ಯಾಲೆ ಒಂದು ದೊಡ್ಡ ಝೆಂಡೂ ಹೂವಿನ ಹಾರ ಇಳಿಬಿಟ್ರ?" ಎಂದಳು ಅನ್ನವ್ವ.

"ನಂಬರ್ ಮುಚ್ಚೂದು ಇನ್ನೊಂದು ಗುನ್ಹೆ. ಅದಕ್ಕ ಬ್ಯಾರೆ ದಂಡ."

ಕಾಕಾಸಾಹೇಬರು ಗಂಟಲು ಸರಿಮಾಡಿಕೊಂಡರು. ಸೊಸೆಯನ್ನು ಸಭೆಯಲ್ಲಿ ಕೇಳುವುದು ಅವರಿಗೆ ಸ್ವಲ್ಪ ಕಷ್ಟ. ಆದರೂ ಕೇಳಿದರು. "ನಮಗ ನೂಲು ಬರೂದು ಗಾಡಿಮ್ಯಾಲೆ. ಬಟ್ಟಿ ಹೋಗೂದು ಗಾಡಿಮ್ಯಾಲೆ. ಗಾಡಿ ನಿಂತ್ರ ಮಾಗ ನಿಂದ್ರತಾವ. ಮಾಗ ನಿಂತ್ರ ಊರಿಗೆ ಕೆಲಸ ಎಲ್ಲಿ?"

"ಮಾಮಾ, ಊರಾಗ ಮಾಲು ಇಳಸೂ ಗಾಡಿಗೆ, ತುಂಬೂ ಗಾಡಿಗೆ ಅಡ್ಡಿ ಇಲ್ಲ. ಅಂಥಾ ಗಾಡಿ ನಂಬರ್ ಮೊದಲ ಪಂಚಾಯಿತಿಗೆ ತಿಳಿಸೂದು. ಎಸ್.ಟಿ. ಬಸ್ಸಿಗೆ ಅಡ್ಡಿ ಇಲ್ಲ, ಆಂಬುಲೆನ್ಸಿಗೆ ಅಡ್ಡಿ ಇಲ್ಲ. ನಮ್ಮ ಹೊಲದ ಕಬ್ಬು ಒಯ್ಯೂ ಟ್ರ್ಯಾಕ್ಟರಿಗೂ ಇಲ್ಲ. ನಾವು ನಿಂದರಸೂದು ನಮ್ಮೂರಾಗ ಏನೂ ಕೆಲಸ ಇಲ್ಲದ, ಬರೇ ಹಾದು ಹೋಗೂ ದೊಡ್ಡ ಗಾಡೀನ."

ಕಾಕಾಸಾಹೇಬರು ತಲೆಯಾಡಿಸಿ ಕುಳಿತರು. ಆಗ ಗೌರವ್ವ ಎದ್ದಳು.

"ಅಳಿಯಾ ಬಂದ್ರ?"

ಎಲ್ಲರೂ ಅವಳ ಕಡೆ ತಿರುಗಿದರು.

"ಅಳಿಯಾ ಬರ್ಲಿ ಕಾಕು," ಎಂದಳು ಶುಭಾಂಗಿ ಮೆಲ್ಲಗೆ. "ಲಾರಿ ದೊಡ್ಡ ರಸ್ತೆದಾಗ ಇರ್ಲಿ."

"ಅಂದ್ರ ನನ್ನ ಅಳಿಯಾನ್ನ ಊರ ಹೊರಗ ನಿಂದರಸೂದು! ಇದ್ಯಾವ ಊರಿನ ರೀತಿ? ಅವನ ಗಾಡಿ ಒಂದನ್ನ ಬಿಡ್ರಿ. ಒಂದು ಗಾಡಿಯಿಂದ ಯಾರ ಗಂಟು ಹೋಗತೈತಿ?"

ಕಾಕಾಸಾಹೇಬರಿಗೆ ತಡೆಯಲಾಗಲಿಲ್ಲ. "ಗಾಡಿ ಮುಂದ ಜಾವಾಯಿ ಅಂತ ದಪ್ಪ ಅಕ್ಷರದಾಗ ಬರಸು ಗೌರವ್ವಾ. ಕ್ಯಾಮೆರಾ ತಾನ ಬಗ್ಗಿ ನಮಸ್ಕಾರ ಮಾಡತೈತಿ."

ಎಲ್ಲರೂ ನಕ್ಕರು. ಗೌರವ್ವನ ಮುಖ ಕೆಂಪಾಯಿತು.

"ನಗ್ರಿ ಕಾಕಾ, ನಗ್ರಿ. ನನ್ನ ಗೋಡಿ ಕೆಡವಾಕತ್ತಿದ್ದು ನಿಮ್ಮ ಮಾಗ. ಅದಕ್ಕ ಯಾವ ಕ್ಯಾಮೆರಾ ಕೂಡಸ್ತೀರಿ? ಮೊದಲ ಅದನ್ನ ಹೇಳ್ರಿ."

ಅವಳು ಸೆರಗು ಕೊಡವಿ ಹೊರಟಳು. ಗಂಡ ದುಂಡಪ್ಪ ಎಲ್ಲರ ಕಡೆ ಒಮ್ಮೆ ನೋಡಿ ಚಪ್ಪಲಿ ಹುಡುಕಿದ. ಅವನ ಹಿಂದೆ ಓಣಿಯ ಅರ್ಧ ಜನ ಎದ್ದರು. ಠರಾವು ಮುಂದಿನ ಸಭೆಗೆ ಉಳಿಯಿತು.

*

ಅಧಿಕ ಮಾಸ ಬಂತು. ಈ ಕಡೆ ಅದಕ್ಕೆ ಧೋಂಡೆ ತಿಂಗಳು ಎನ್ನುತ್ತಾರೆ. ಮಗಳು-ಅಳಿಯನನ್ನು ಮನೆಗೆ ಕರೆದು, ಹೂರಣ ತುಂಬಿದ ಧೋಂಡೆ ಮಾಡಿ, ಅತಿರಸದಂಥ ಅನಾರಸ ಕೊಟ್ಟು ಸತ್ಕರಿಸುವ ತಿಂಗಳು. ಈ ತಿಂಗಳಲ್ಲಿ ಅಳಿಯ ದೇವರ ಸಮಾನ. ಅವನಿಗೆ ಎದುರು ಮಾತಾಡುವಂತಿಲ್ಲ. ಬೇರೆ ತಿಂಗಳಲ್ಲೂ ಯಾರೂ ಆಡುವುದಿಲ್ಲ, ಅದು ಬೇರೆ.

ಗೌರವ್ವ ಮಗ್ಗಗಳಿಗೆ ವಾರದ ರಜೆ, ಸುಟ್ಟಿ, ಇರುವ ದಿನವನ್ನೇ ಆರಿಸಿದಳು. ಬಸುರಿ ಮಗಳು ಒಂದು ದಿನವಾದರೂ ನೆಮ್ಮದಿಯಿಂದ ಮಲಗಲಿ ಎಂದು. ಸುಟ್ಟಿ ಎಂದರೆ ಓಣಿಗೆ ಓಣಿಯೇ ಇಚಲಕರಂಜಿ ಬಜಾರಿಗೆ ಹೋಗುವ ದಿನ. ಗೌರವ್ವನೂ ಪ್ರತಿ ವಾರ ಹೋಗುತ್ತಿದ್ದಳು. ಮಗ್ಗ ನಿಂತ ದಿನ ಅವಳು ಹಗಲೆಲ್ಲ ಮನೆಯಲ್ಲಿದ್ದದ್ದು ಇದೇ ಮೊದಲು.

ಕಾಂಚನ ಹಿಂದಿನ ದಿನವೇ ಎಸ್.ಟಿ.ಯಲ್ಲಿ ಬಂದಿದ್ದಳು. ಇನ್ನು ಹೆರಿಗೆ ಮುಗಿಯುವ ತನಕ ಇಲ್ಲೇ. ಅಮೋಲನಿಗೆ ಪಾಳಿ ಇತ್ತು. ಮಧ್ಯಾಹ್ನ ಲಾರಿಯಲ್ಲೇ ಬಂದು ಉಂಡು ಹೋಗುತ್ತೇನೆ ಎಂದಿದ್ದ.

ಅಡುಗೆಮನೆಯಲ್ಲಿ ಗೌರವ್ವ ಅನಾರಸ ಕರಿಯುತ್ತಿದ್ದಳು. ಶುಭಾಂಗಿ ಹೂರಣ ರುಬ್ಬುತ್ತಿದ್ದಳು. ಮಾವ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವಳು ಬಂದಿದ್ದಳು. ಕಾಂಚನ ರಸ್ತೆ ಕಡೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಊರು ಅಷ್ಟು ಸುಮ್ಮನಿದ್ದದ್ದನ್ನು ಗೌರವ್ವ ಕೇಳಿರಲಿಲ್ಲ. ಗುಬ್ಬಿಯ ಸದ್ದು ಕೇಳುತ್ತಿತ್ತು. ದುಂಡಪ್ಪ ಅಂಗಳದಲ್ಲಿ ಅಡಕೆ ಕತ್ತರಿಸುವ ಸದ್ದು ಕೇಳುತ್ತಿತ್ತು.

ಆಗ ಗೂಡಿನಲ್ಲಿ ನಿಲ್ಲಿಸಿದ್ದ ಸ್ಟೀಲಿನ ತಾಟುಗಳು ಸಣ್ಣಗೆ ಗುಂಯ್‌ಗುಟ್ಟಿದವು.

ಗೌರವ್ವ ಬಾಣಲೆಯನ್ನು ನೋಡಿದಳು. ಎಣ್ಣೆಯ ಮೇಲೆ ಸುತ್ತು ಸುತ್ತಾಗಿ ಅಲೆ ಎದ್ದಿತ್ತು.

"ಇವತ್ತ ಯಾರ ಮಾಗ ಚಾಲೂ ಮಾಡ್ಯಾರ?"

"ಯಾರದೂ ಇಲ್ಲ ಕಾಕು," ಎಂದಳು ಶುಭಾಂಗಿ.

ಹೊರಗೆ ಒಂದು ಲಾರಿ ಹಾದುಹೋಯಿತು. ತಾಟುಗಳು ಸುಮ್ಮನಾದವು. ಎಣ್ಣೆ ಸುಮ್ಮನಾಯಿತು. ಗೌರವ್ವ ಝಾರಾ ಸೌಟು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕುಳಿತಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಲಾರಿ. ಮತ್ತೆ ತಾಟು. ಮತ್ತೆ ಎಣ್ಣೆ. ಈ ಸಲ ಶುಭಾಂಗಿಯೂ ರುಬ್ಬುವುದನ್ನು ನಿಲ್ಲಿಸಿದಳು. ಒಂದು ಅನಾರಸ ಕರಿದು ಕಪ್ಪಾಯಿತು.

ಆಮೇಲೆ ದೂರದಿಂದ ಹಾರ್ನ್ ಕೇಳಿತು. ಎರಡು ಉದ್ದ, ಒಂದು ಗಿಡ್ಡ.

"ಬಂದ್ರು," ಎಂದು ಒಳಗೆ ಕಾಂಚನ ಅಂದದ್ದು ಕೇಳಿಸಿತು. ಮಂಚ ಕಿರುಗುಟ್ಟಿತು. ಸೊಂಟಕ್ಕೆ ಕೈ ಕೊಟ್ಟುಕೊಂಡು ಅವಳು ಬಾಗಿಲಿಗೆ ಹೋದಳು.

ತಾಟುಗಳು ಗುಂಯ್‌ಗುಟ್ಟಲಿಲ್ಲ. ಗಡಗಡ ಅಂದವು. ಕಲ್ಲಿದ್ದಲು ತುಂಬಿದ ಲಾರಿ ಬಾಗಿಲ ಮುಂದೆ ಬ್ರೇಕ್ ಹಾಕಿತು, ಮತ್ತೆ ಮುಂದೆ ಹೋಯಿತು. ರಸ್ತೆ ಕಡೆಯ ಕೋಣೆಯಲ್ಲಿ ಏನೋ ಧೊಪ್ಪನೆ ಬಿತ್ತು.

ಗೌರವ್ವ ಓಡಿದಳು. ಬಿರುಕಿನ ಪಕ್ಕದ ಗಾರೆ ರೊಟ್ಟಿಯಗಲ ಕಿತ್ತು ಬಂದಿತ್ತು. ಅದರ ಜೊತೆ ಅರ್ಧ ಇಟ್ಟಿಗೆ. ಎರಡೂ ದಿಂಬಿನ ಮೇಲಿದ್ದವು. ಕಾಂಚನ ತಲೆಯಿಟ್ಟಿದ್ದ ಗುಳಿ ಇನ್ನೂ ದಿಂಬಿನ ಮೇಲೆ ಹಾಗೇ ಇತ್ತು. ಇಟ್ಟಿಗೆ ಆ ಗುಳಿಯಲ್ಲಿತ್ತು.

ಸದ್ದು ಕೇಳಿ ಕಾಕಾಸಾಹೇಬರು ಬಂದಿದ್ದರು. ಎಷ್ಟೋ ತಿಂಗಳ ಮೇಲೆ ಆ ಹೊಸ್ತಿಲು ಹತ್ತಿದ್ದರು. ಇವತ್ತು ತಮ್ಮ ಮಗ್ಗ ಬಂದ್ ಇವೆ ಎಂದು ಹೇಳಲೇಬೇಕೆಂದು ಬಂದಂತಿತ್ತು. ದಿಂಬು ನೋಡಿದರು. ಆ ಮಾತು ಆಡಲಿಲ್ಲ.

"ಹುಡುಗಿ ಎಲ್ಲಿ?" ಎಂದರು.

"ಇಲ್ಲೇ ಅದೇನಿ ಕಾಕಾ," ಎಂದಳು ಕಾಂಚನ ಬಾಗಿಲಿನಿಂದ.

ಗೌರವ್ವ ಇಟ್ಟಿಗೆ ತೆಗೆದು ಕೆಳಗಿಟ್ಟಳು. ದಿಂಬು ಕೊಡವಿದಳು. ಮತ್ತೆ ಕೊಡವಿದಳು.

*

ಅಮೋಲ ಲಾರಿಯನ್ನು ಶಾಲೆಯ ಮೈದಾನದ ಹತ್ತಿರ ನಿಲ್ಲಿಸಿ ನಡೆದು ಬಂದ. ಕೈಯಲ್ಲಿ ಬಾಳೆಹಣ್ಣಿನ ಚೀಲ. ಕಾಲು ತೊಳೆದ. ಆರತಿ ಆಯಿತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಗೌರವ್ವ ಮಣೆಯನ್ನು ರಸ್ತೆ ಕಡೆಯ ಕೋಣೆಯಲ್ಲಿ ಹಾಕಿದಳು. ಬಿರುಕಿನ ಕೆಳಗೆ.

"ಅಲ್ಲಿ ಯಾಕ?" ಎಂದ ದುಂಡಪ್ಪ. "ನಡುಮನಿ ಐತಲ್ಲ."

"ಅಲ್ಲೇ."

ಅಮೋಲ ಕುಳಿತ. ತಾಟಿನಲ್ಲಿ ಧೋಂಡೆ, ಕಟ್ಟಿನ ಸಾರು, ಅನ್ನ, ಮೇಲೆ ತುಪ್ಪ. "ಯಾಕ ಎಲ್ಲಾರೂ ಸುಮ್ಮನ ಅದೀರಿ?" ಎಂದು ಅವನು ಕೇಳಿದ. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ಹೊರಗೆ ಯಾವುದೋ ಲಾರಿ ಬಂತು. ಗೋಡೆಯಿಂದ ಸಣ್ಣ ಮಣ್ಣು ಸುರಿಯಿತು. ಅನ್ನದ ಮೇಲೆ, ತುಪ್ಪದ ಮೇಲೆ. ಅಮೋಲ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ. ತಲೆಯೆತ್ತಿ ನೋಡಿದ.

"ಇದು ಯಾವಾಗಿಂದ ಅತ್ತಿ?"

ಗೌರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಳಿಯನಿಗೆ ಅವಳು ಏನು ಹೇಳಬಲ್ಲಳು? ಕಾಂಚನ ಮುಂದೆ ಬಂದಳು. ದಿಂಬನ್ನು ತಂದು ಅವನ ಮುಂದಿಟ್ಟಳು, ಪಕ್ಕದಲ್ಲಿ ಇಟ್ಟಿಗೆ.

"ನೀವು ಬಂದಾಗ ಬಿತ್ತು," ಎಂದಳು. "ನೀವು ಹಾರ್ನ್ ಹೊಡದ್ರಿ ಅಂತ ನಾ ಎದ್ದಿದ್ದೆ."

ಅಮೋಲ ದಿಂಬಿನ ಮೇಲೆ ಕೈಯಿಟ್ಟ.

"ನನಗ ಗೊತ್ತಾಗಲಿಲ್ಲ," ಎಂದ. "ಮ್ಯಾಲೆ ಕೂತಾವ್ಗ ಏನೂ ಗೊತ್ತಾಗೂದಿಲ್ಲ. ಅತ್ತಿ, ನಾ ಇದ ರಸ್ತೆ ಹಿಡಿಯೂದು ನಿಮ್ಮ ಭಾಕರಿ ಸಲವಾಗಿ ಅಂತ ನೀವು ತಿಳದೀರಿ. ನಾನೂ ಹೂಂ ಅಂದೇನಿ. ಆದರ ಖರೇ ಅಂದ್ರ ಮಾಲಕ ಹೇಳತಾನ. ದೊಡ್ಡ ರಸ್ತೆದಾಗ ತೂಕ ತಪಾಸಣಿ ಇರತೈತಿ, ಆತಲ್ಯಾ ರಸ್ತ್ಯಾನಂ ಜಾ, ಒಳಗಿನ ರಸ್ತೆ ಹಿಡಿ ಅಂತಾನ. ಗಾಡೀನೂ ಮಿತಿ ಮೀರಿ ತುಂಬತಾನ. ಒಲ್ಲೆ ಅಂದ್ರ ಕೀಲಿ ಇನ್ನೊಬ್ಬಾವ್ಗ ಕೊಡತಾನ. ಇನ್ನೊಬ್ಬಾಂವ ಇದ ರಸ್ತೆಲೇ ಬರತಾನ."

ಅದು ಸುಳ್ಳಾಗಿರಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಲ್ಲೆ ಎನ್ನುವ ಬಲ ಕೂಲಿಯವನಿಗೆ ಸುಲಭಕ್ಕೆ ಬರುವುದಿಲ್ಲ.

"ದಾದಾ," ಎಂದಳು ಶುಭಾಂಗಿ. "ದಂಡದ ನೋಟಿಸು ಮಾಲಕನ ಹೆಸರಿಗೆ ಬರತೈತಿ. ಒಂದು ಬರಲಿ, ಎರಡು ಬರಲಿ. ಆಮ್ಯಾಲೆ ಒಳಗಿನ ರಸ್ತೆಲೇ ಹೋಗು ಅಂತ ಅವನ ಹೇಳೂದಿಲ್ಲ. ನೀವು ಒಲ್ಲೆ ಅನ್ನೂದ ಬ್ಯಾಡ. ಅಲ್ಲಿ ಕ್ಯಾಮೆರಾ ಐತಿ ಸಾಹೇಬ್ರ, ಅಂತ ಇಷ್ಟ ಅನ್ರಿ. ಇನ್ನೊಬ್ಬ ಡ್ರೈವರನೂ ಅದನ್ನ ಅಂತಾನ."

ಗೌರವ್ವ ಸೆರಗು ಬಾಯಿಂದ ತೆಗೆದಳು.

"ಅದಕ್ಕ ಅಳಿಯಾನೂ ಇಲ್ಲ, ಮಾಲಕನೂ ಇಲ್ಲ. ಹೌದಿಲ್ಲೋ?"

"ಯಾವುದಕ್ಕ ಕಾಕು?"

"ಕ್ಯಾಮೆರಾಕ್ಕ."

"ಇಲ್ಲ. ಅದಕ್ಕ ನಂಬರ್ ಅಷ್ಟ ಕಾಣತೈತಿ."

ಗೌರವ್ವ ಮಣ್ಣು ಬಿದ್ದ ತಾಟು ತೆಗೆದಳು. ನಡುಮನೆಯಲ್ಲಿ ಬೇರೆ ಮಣೆ ಹಾಕಿದಳು. ಬೇರೆ ತಾಟಿನಲ್ಲಿ ಬಡಿಸಿ, ತುಪ್ಪ ಎರಡು ಪಟ್ಟು ಹಾಕಿದಳು. "ಉಣ್ರಿ ಅಮೋಲರಾವ," ಎಂದಳು. "ಗಾಡಿ ಎಲ್ಲೇ ನಿಂದ್ರಲಿ. ಭಾಕರಿ ನಿಂದ್ರೂದಿಲ್ಲ."

ಸಂಜೆ ಅವಳು ಒಂದು ಬಟ್ಟಲ ತುಂಬ ಧೋಂಡೆ ಹಿಡಿದು ಕಾಕಾಸಾಹೇಬರ ಮನೆಗೆ ಹೋದಳು. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಉಣ್ಣುವುದಿಲ್ಲ. ಅದಕ್ಕೇ ಬಿಸಿಲಿರುವಾಗಲೇ ಹೋದಳು.

"ಕಾಕಾ, ನಿಮ್ಮ ಮಾಗಕ್ಕ ಭಾಳ ಬೈದೆ."

ಕಾಕಾಸಾಹೇಬರು ಬಟ್ಟಲು ತೆಗೆದುಕೊಂಡರು. "ಮಾಗಕ್ಕ ಕಿವಿ ಇಲ್ಲ ಗೌರವ್ವಾ. ಬೈಸ್ಕೊಂಡದ್ದು ನಾ." ಒಂದು ಧೋಂಡೆ ಮುರಿದು ಬಾಯಿಗಿಟ್ಟರು. "ಹುಡುಗೀನ ಆ ಕೋಣಿದಾಗ ಮಲಗಸಬ್ಯಾಡ. ನಮ್ಮ ಹಿಂದಿನ ಕೋಣಿ ಖಾಲಿ ಐತಿ. ಗೋಡಿ ಕೆಲಸ ಆಗೂ ತನಕ ಅಲ್ಲೇ ಇರ್ಲಿ. ನಾಳಿಗೆ ಗೌಂಡ್ಯಾಗ ಹೇಳತೇನಿ."

*

ಮುಂದಿನ ಗ್ರಾಮಸಭೆಯಲ್ಲಿ ಗೌರವ್ವ ಎಲ್ಲರಿಗಿಂತ ಮೊದಲು ಎದ್ದಳು. ಈ ಸಲ ಯಾರೂ ನಗಲಿಲ್ಲ. ದಿಂಬಿನ ಸುದ್ದಿ ಓಣಿಗೆಲ್ಲ ಗೊತ್ತಾಗಿತ್ತು.

"ಅಳಿಯಾಗ ನನಗ ಏನೂ ಅನ್ನಾಕ ಬರೂದಿಲ್ಲ," ಎಂದಳು. "ಅಳಿಯಾಗ ತನ್ನ ಮಾಲಕಗ ಏನೂ ಅನ್ನಾಕ ಬರೂದಿಲ್ಲ. ಅನ್ನಾಕ ಬರೂದೊಂದು ಊರಾಗ ಇರ್ಲಿ. ನನ್ನ ಕೈ ಮ್ಯಾಲೆ ಐತಿ. ಬರಕೋರಿ."

ಓಣಿಯ ಕೈಗಳೆಲ್ಲ ಮೇಲೆ ಬಂದವು. ಕಾಕಾಸಾಹೇಬರದೂ ಬಂತು.

ಠರಾವು ಮೇಲಕ್ಕೆ ಹೋಯಿತು. ಶುಭಾಂಗಿ ಬಿಡದೆ ಓಡಾಡಿದಳು. ಮಳೆಗಾಲದಲ್ಲಿ ಒಂದು ದಿನ ಎರಡು ಕಂಬ ಬಂದವು, ಕಂಬದ ಮೇಲೆ ಎರಡು ಕ್ಯಾಮೆರಾ. ಊರ ಬಾಯಿಯ ಹಳೆಯ ಫಲಕಕ್ಕೆ ಹೊಸ ಬಣ್ಣ ಬಂತು. ಕೆಳಗೆ ಕ್ಯಾಮೆರಾದ ಚಿತ್ರ ಬರೆದರು. ಅನ್ನವ್ವನ ಆಡಿಗೆ ಬೇರೆ ಗೂಟ ಸಿಕ್ಕಿತು.

ಮೊದಲ ವಾರವೇ ಒಂದು ತೊಡಕಾಯಿತು. ಅನ್ನವ್ವನ ಮಗನ ಹುಟ್ಟುಹಬ್ಬಕ್ಕೆ ಗೆಳೆಯರು ದೊಡ್ಡ ಫ್ಲೆಕ್ಸ್ ಮಾಡಿಸಿ ತಂದರು. ಕಟ್ಟಲು ಒಳ್ಳೆಯ ಎತ್ತರದ ಕಂಬ ಬೇರೆ ಇರಲಿಲ್ಲ. ಕ್ಯಾಮೆರಾದ ಕಣ್ಣಿನ ಮುಂದೆ ಹುಡುಗ ಕಪ್ಪು ಕನ್ನಡಕ ಹಾಕಿಕೊಂಡು ಕೈಮುಗಿದು ನಿಂತ. ಗೌರವ್ವ ಕುಡುಗೋಲು ತೆಗೆದುಕೊಂಡು ಹೋಗಿ ಹಗ್ಗ ಕೊಯ್ದಳು.

"ನನ್ನ ಮಗನ ಫೋಟೋ ಬೇ!" ಎಂದು ಅನ್ನವ್ವ ಓಡಿ ಬಂದಳು.

"ನಿನ್ನ ಮಗನ ಮಾರಿ ನೋಡಾಕ ನಾವು ಅದೇವಿ. ಕ್ಯಾಮೆರಾಕ್ಕ ಬ್ಯಾರೆ ಕೆಲಸ ಐತಿ. ತಗೊಂಡು ಹೋಗಿ ನನ್ನ ಅಂಗಳದಾಗ ಕಟ್ಟು, ಚೊಲೋ ಕಾಣತೈತಿ."

ಅಲ್ಲೇ ಕಟ್ಟಿದರು.

ಕಾಗಲದ ಮಾಲೀಕನಿಗೆ ಒಂದು ನೋಟಿಸು ಹೋಯಿತು. ಅವನು ಕೂಗಾಡಿದನಂತೆ. ಎರಡನೆಯದು ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಅವನೇ ಅಮೋಲನಿಗೆ ಫೋನ್ ಮಾಡಿ, ದೊಡ್ಡ ರಸ್ತೆಯಲ್ಲೇ ಹೋಗಪ್ಪ ಎಂದ. "ಮೋಠ್ಯಾ ರಸ್ತ್ಯಾನಂ ಜಾ ರೇ ಬಾಬಾ." ದೊಡ್ಡ ರಸ್ತೆಯಲ್ಲಿ ತೂಕ ನೋಡುತ್ತಾರೆ. ಹಾಗಾಗಿ ಗಾಡಿ ತುಂಬುವುದೂ ಮಿತಿಗೆ ಬಂತು. ಈಗ ಇಳಿಜಾರಿನಲ್ಲಿ ಬ್ರೇಕ್ ಮಾತು ಕೇಳುತ್ತದೆ ಎಂದು ಅಮೋಲ ಕಾಂಚನಳಿಗೆ ಹೇಳಿದ. ಮೊದಲು ಕೇಳುತ್ತಿರಲಿಲ್ಲ ಎಂದು ಅವನು ಎಂದೂ ಹೇಳಿರಲಿಲ್ಲ.

ಗೋಡೆ ಗಟ್ಟಿಯಾಯಿತು. ಗೌಂಡಿ ಬಿರುಕನ್ನು ಬುಡದ ತನಕ ಕೊರೆದು, ಹೊಸ ಇಟ್ಟಿಗೆ ಕೂಡಿಸಿ, ಸಿಮೆಂಟ್ ತುಂಬಿದ. ಕೊಂಡಿಯನ್ನು ಮಾತ್ರ ಮುಟ್ಟಬೇಡ ಎಂದು ಗೌರವ್ವ ಕಾವಲು ನಿಂತಿದ್ದಳು.

ಕಾಂಚನಳಿಗೆ ಇಚಲಕರಂಜಿ ದವಾಖಾನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಹೆಸರಿಡುವ ದಿನ ರಸ್ತೆ ಕಡೆಯ ಕೋಣೆಯಲ್ಲಿ, ಹಳೆಯ ಕೊಂಡಿಗೆ ತೊಟ್ಟಿಲು ಕಟ್ಟಿದರು. ಆ ದಿನ ಮಗ್ಗಗಳಿಗೆ ಸುಟ್ಟಿ ಇರಲಿಲ್ಲ. ನಿಲ್ಲಿಸಲೇನು ಎಂದು ಕಾಕಾಸಾಹೇಬರು ಕೇಳಿ ಕಳಿಸಿದರು. ಬೇಡ ಎಂದಳು ಗೌರವ್ವ. ಖಟಖಟ ಕೇಳುತ್ತಾ ಕಾಂಚನ ಮಲಗಿ ಬೆಳೆದವಳು. ಇವಳೂ ಮಲಗುತ್ತಾಳೆ.

ಮಲಗಿತು.

ಮಧ್ಯಾಹ್ನ ಓಣಿಯ ತುದಿಯಿಂದ ಹಾರ್ನ್ ಕೇಳಿತು. ಎರಡು ಉದ್ದ, ಒಂದು ಗಿಡ್ಡ. ಈ ಸಲ ಅಮೋಲನ ಮೋಟರ್‌ಸೈಕಲ್ಲಿನ ತೆಳ್ಳಗಿನ ಹಾರ್ನ್. ಹುಡುಗರು ಕೂಗಿದರು. ಎಮ್ಮೆ ಸರಿಯಿತು. ಗೌರವ್ವ ಗೂಡಿನ ಕಡೆ ನೋಡಿದಳು. ತಾಟುಗಳು ಸುಮ್ಮನೆ ನಿಂತಿದ್ದವು. ತೊಟ್ಟಿಲ ಕಡೆ ನೋಡಿದಳು. ಮಗು ಏಳಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರ ಬಾಯಿಯಲ್ಲೂ ಭಾರದ ಮಿತಿಯ ಫಲಕ ಇರಬಹುದು. ಇವತ್ತು ಹೋಗುವಾಗ ಒಮ್ಮೆ ನಿಂತು ಓದಿ. ಗೋಡೆ ಬಿರುಕು ಬಿಟ್ಟರೆ ನೆರೆಯವರನ್ನು ಬೈಯುವ ಮುಂಚೆ, ಊರು ಸುಮ್ಮನಿರುವ ಹೊತ್ತಿನಲ್ಲಿ ರಸ್ತೆಗೆ ಕಿವಿಗೊಡಿ. ಗ್ರಾಮಸಭೆಗೆ ಹೋಗಿ. ಕ್ಯಾಮೆರಾ ಬೇಕು ಎಂದು ಕೇಳಿ. ಊರಿಗೆ ಮಾಲು ತರುವ ಗಾಡಿಗಳ ನಂಬರ್ ಮೊದಲೇ ತಿಳಿಸಿಡಿ. ಕ್ಯಾಮೆರಾ ಬಂದ ಮೇಲೆ ಅದರ ಕಣ್ಣಿಗೆ ಫ್ಲೆಕ್ಸ್ ಕಟ್ಟಬೇಡಿ, ನಂಬರಿಗೆ ಹಾರ ಹಾಕಬೇಡಿ. ನಮ್ಮವನ ಗಾಡಿ ಒಂದನ್ನು ಬಿಡಿ ಎಂದು ಕೇಳಬೇಡಿ. ಲಾರಿ ಓಡಿಸುವವನ ಮೇಲೆ ಕಲ್ಲೆತ್ತಬೇಡಿ. ಅವನೂ ಯಾರದೋ ಮನೆಯ ಅಳಿಯ. ಅವನಿಗೆ ಮಿತಿಯ ಭಾರ ಕೊಟ್ಟು, ದೊಡ್ಡ ರಸ್ತೆಯಲ್ಲಿ ಕಳಿಸಿ.

ತಮ್ಮವನು ಮರಳಿ ಬರುವ ಹಾರ್ನ್ ಕೇಳಿಸಲಿ ಎಂದು ಕಿವಿ ಇಟ್ಟು ಕೂತ ಮನೆಗಳು ಈ ರಸ್ತೆಯ ಉದ್ದಕ್ಕೂ ಇವೆ. ಎಲ್ಲ ಮನೆಗಳಿಗೂ ಅದು ಕೇಳಿಸಲಿ.